ಮೇಷ್ಟ್ರೇ, ಮಗನ ನೋಟ್‌ಬುಕ್ ತೆರೆದು ನೋಡಿದ್ದೀರಾ?

ಹಾಸನದ ನಿವೃತ್ತ ಗಣಿತ ಮೇಷ್ಟ್ರೊಬ್ಬರು ಬರೆದ ಪತ್ರದ ಸಾರ ಇದು: ‘ಡಿಪ್ಲೊಮಾ ಮುಗಿಸಿದ ನನ್ನ ಮಗ ತಾರಸಿ ಮೇಲೆ ಗೂಡು ಕಟ್ಟಿ ರೇಸ್ ಪಾರಿವಾಳ ಸಾಕುತ್ತಿದ್ದಾನೆ. ಸಂಬಳದ ದುಡ್ಡೆಲ್ಲ ಒಂದು ಜೋಡಿಗೆ ಸುರಿದ. ಭಾನುವಾರವಾದರೆ ಮುಗಿಲು ನೋಡುತ್ತಾ ನಿಂತುಬಿಡುತ್ತಾನೆ. ಹೆಣ್ಣು ಕೊಡಲು ಬಂದವರು ಗೂಡು ನೋಡಿ ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ಇದರಲ್ಲಿ ಅಂಥದ್ದೇನಿದೆ? ಈ ಹುಚ್ಚಿನ ವಿರುದ್ಧ ನೀವು ಲೇಖನ ಹಾಕದಿದ್ದರೆ ಚಂದಾ ನಿಲ್ಲಿಸುತ್ತೇನೆ.’

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಕಡೆಯ ನ್ಯಾಯವನ್ನು ಮೊದಲೇ ಒಪ್ಪಿಬಿಡುತ್ತೇನೆ. ಹಿಕ್ಕೆ, ಗರಿಗಳ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಕೆಲವರ ಶ್ವಾಸಕೋಶ ಕೆಡುತ್ತದೆ. 2025ರಲ್ಲಿ ಮುಂಬೈಯ ಕಬೂತರ್‌ಖಾನೆಗಳ, ಅಂದರೆ ಪಾರಿವಾಳಗಳಿಗೆ ಕಾಳು ಹಾಕುವ ಜಾಗಗಳ, ಗಲಾಟೆ ಎದ್ದದ್ದೂ ಆರೋಗ್ಯದ ಹೆಸರಿನಲ್ಲೇ. ಬಾಜಿ ಕಟ್ಟುವವರೂ ಇದ್ದಾರೆ. ರೇಸಿಗೆ ಬಿಟ್ಟ ಹಕ್ಕಿಗಳೆಲ್ಲ ಮನೆ ಮುಟ್ಟುವುದೂ ಇಲ್ಲ; ದಾರಿಯಲ್ಲಿ ಡೇಗೆ ಇದೆ, ಮಳೆಯಿದೆ, ತಂತಿಯಿದೆ. ನಿಮ್ಮ ಪಾಲಿನದು ಇಷ್ಟು.

ಇನ್ನು, ಒಬ್ಬ ಗಣಿತದ ಮೇಷ್ಟ್ರು ‘ಇದರಲ್ಲಿ ಅಂಥದ್ದೇನಿದೆ’ ಎಂದು ಕೇಳಿದ್ದು ನನಗೆ ಸ್ವಲ್ಪ ಬೇಸರ ತಂದಿತು. ರೇಸಿನಲ್ಲಿ ಮೊದಲು ಬಂದ ಹಕ್ಕಿಯೇ ಗೆಲ್ಲುತ್ತದೆ ಅಂದುಕೊಂಡಿದ್ದೀರಾ? ಎಲ್ಲ ಹಕ್ಕಿಗಳನ್ನೂ ಒಂದೇ ಜಾಗದಿಂದ ಬಿಡುತ್ತಾರೆ, ಆದರೆ ಒಂದೊಂದು ಹಕ್ಕಿಯ ಮನೆ ಒಂದೊಂದು ದೂರದಲ್ಲಿ. ಹಾಗಾಗಿ ನಿಮಿಷಕ್ಕೆ ಎಷ್ಟು ಮೀಟರ್ ಎಂದು ಲೆಕ್ಕ ಹಾಕಬೇಕು. ಇನ್ನೂರು ಕಿಲೋಮೀಟರ್ ದೂರದ ಗೂಡಿಗೆ 160 ನಿಮಿಷದಲ್ಲಿ ಬಂದ ಹಕ್ಕಿಯ ವೇಗ ನಿಮಿಷಕ್ಕೆ 1,250 ಮೀಟರ್. ಮೂರು ನಿಮಿಷ ತಡವಾಗಿ 206 ಕಿಲೋಮೀಟರಿನ ಗೂಡಿಗೆ ಇಳಿದದ್ದರ ವೇಗ ಸುಮಾರು 1,264. ತಡವಾಗಿ ಬಂದದ್ದೇ ಗೆದ್ದಿತು. ಇಂಥ ಲೆಕ್ಕ ಕೊಟ್ಟಿದ್ದರೆ ನಿಮ್ಮ ಹತ್ತನೇ ಕ್ಲಾಸಿನ ಕೊನೇ ಬೆಂಚಿನ ಹುಡುಗರೂ ಕಿವಿ ನಿಮಿರಿಸುತ್ತಿದ್ದರು.

ಆದರೆ ರೇಸು ಈ ಹುಚ್ಚಿನ ಸಣ್ಣ ಭಾಗ. ದೊಡ್ಡದು ಜೋಡಿ ಹಾಕುವುದು. ಯಾವ ಗಂಡಿಗೆ ಯಾವ ಹೆಣ್ಣು, ಅವುಗಳ ಅಜ್ಜಿ ಎಷ್ಟು ದೂರದಿಂದ ಬಂದಿತ್ತು, ಎದುರುಗಾಳಿಯಲ್ಲಿ ಬಂತೋ ಹಿಂಗಾಳಿಯಲ್ಲೋ, ಇದನ್ನು ತಲೆಯಲ್ಲಿ ಕೂಡಿ ಕಳೆದು ತಿಂಗಳುಗಟ್ಟಲೆ ಕೂರುತ್ತಾರೆ. ಎರಡು ಮೊಟ್ಟೆ, ಸುಮಾರು ಹದಿನೆಂಟು ದಿನದ ಕಾವು. ಹಗಲಿನ ಪಾಳಿ ಗಂಡಿನದು, ರಾತ್ರಿಯದು ಹೆಣ್ಣಿನದು. ಮರಿ ಹೊರಬಂದ ಮೇಲೆ ತಂದೆ ತಾಯಿ ಎರಡೂ ಗಂಟಲಚೀಲದಿಂದ ಹಾಲಿನಂಥ ಆಹಾರ ಉಣಿಸುತ್ತವೆ, ತಂದೆಯೂ ಹಾಲೂಡುವ ಸಂಸಾರ ಅದು. ಬೂದುಗೆಂಪು ಹೆಣ್ಣಿಗೆ ಅಪ್ಪಟ ನೀಲಿ ಗಂಡು ಜೋಡಿಯಾದರೆ ಹುಟ್ಟುವ ಗಂಡುಮರಿಗಳೆಲ್ಲ ಕೆಂಪು, ಹೆಣ್ಣುಮರಿಗಳೆಲ್ಲ ನೀಲಿ. ಗರಿ ಮೂಡುವಾಗಲೇ ಯಾವುದು ಯಾವುದೆಂದು ಹೇಳಬಹುದು. ಕಾಲೇಜಿನಲ್ಲಿ ಉರು ಹೊಡೆದು ಮರೆತ ಅನುವಂಶೀಯತೆಯ ಪಾಠವನ್ನು ನಿಮ್ಮ ಮಗ ತಾರಸಿಯಲ್ಲಿ ಕಣ್ಣಾರೆ ನೋಡುತ್ತಿದ್ದಾನೆ. ಡಾರ್ವಿನ್ ಕೂಡ 1855ರಲ್ಲಿ ಪಾರಿವಾಳ ಸಾಕತೊಡಗಿ, ಲಂಡನ್ನಿನ ಪಾರಿವಾಳದ ಕ್ಲಬ್ಬುಗಳಿಗೆ ಸೇರಿ, ಸಾಕುವವರ ಜೊತೆ ಕೂತು ಮಾತಾಡಿ ಕಲಿತ. ಅವನ ಮನೆಗೆ ಬಂದ ನೆಂಟರು ಏನಂದರೋ!

ಮರಿಗೆ ಒಂದು ವಾರವಾಗುವ ಹೊತ್ತಿಗೆ ಕಾಲಿಗೆ ಇಸವಿ, ನಂಬರು ಇರುವ ರಿಂಗ್ ಹಾಕುತ್ತಾರೆ. ಬೆಸುಗೆಯಿಲ್ಲದ ರಿಂಗ್, ಕಾಲು ಬಲಿತ ಮೇಲೆ ಹಾಕಲೂ ಆಗದು, ತೆಗೆಯಲೂ ಆಗದು. ನಮ್ಮಲ್ಲಿ ಎಷ್ಟೋ ಜನರ ಶಾಲಾ ದಾಖಲೆಯ ಹುಟ್ಟಿದ ತಾರೀಖಿಗಿಂತ ಅದು ನಂಬಿಕಸ್ಥ. ಆ ನಂಬರು ನೋಟ್‌ಬುಕ್ಕಿಗೆ ಹೋಗುತ್ತದೆ. ಸಾಲಗಾಮೆಯಿಂದ ಬಿಟ್ಟಾಗ ಎಷ್ಟು ಹೊತ್ತಿಗೆ ಬಂತು, ಅರಸೀಕೆರೆಯಿಂದ ಎಷ್ಟು, ಕಡೂರಿನಿಂದ ಎಷ್ಟು, ಅವತ್ತು ಮೋಡವಿತ್ತೇ, ಎಲ್ಲವೂ ಅದರಲ್ಲಿ. 2020ರಲ್ಲಿ ಬೆಲ್ಜಿಯಂನ ‘ನ್ಯೂ ಕಿಮ್’ ಎಂಬ ಎರಡು ವರ್ಷದ ಹೆಣ್ಣು ಪಾರಿವಾಳ ಹದಿನಾರು ಲಕ್ಷ ಯೂರೋಗೆ ಹರಾಜಾಯಿತು. ಅಂದರೆ ಸುಮಾರು ಹದಿನಾಲ್ಕು ಕೋಟಿ ರೂಪಾಯಿ. ಅದು ಆಗಲೇ ರೇಸು ಬಿಟ್ಟಿತ್ತು. ಕೊಂಡವರಿಗೆ ಬೇಕಾದದ್ದು ಅದರ ಮರಿ. ಬೆಲೆ ಕಟ್ಟಿಸಿದ್ದು ಅದರ ವಂಶಾವಳಿ, ಅದು ಗೆದ್ದ ದಾಖಲೆ. ನಿಮ್ಮ ಮಗ ಕೋಟಿ ತರುತ್ತಾನೆಂದು ಹೇಳುತ್ತಿಲ್ಲ, ಗಾಬರಿ ಬೇಡ. ಬರೆದಿಟ್ಟಿದ್ದಕ್ಕೆ ಇಷ್ಟು ಬೆಲೆ ಅನ್ನುತ್ತಿದ್ದೇನೆ.

ನನ್ನ ನೋವು ಇರುವುದೂ ಇಲ್ಲೇ. ನಿಮ್ಮ ಪಕ್ಕದ ಜಿಲ್ಲೆಯ ಅಜ್ಜಂಪುರದಲ್ಲಿ ಅಮೃತಮಹಲ್ ದನಗಳ ತಳಿ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ‘ಬೆಣ್ಣೆ ಚಾವಡಿ’ ಇಲಾಖೆ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಹಾಸನ, ಕಡೂರು ಸೀಮೆಯ ಕಾವಲುಗಳಲ್ಲಿ ಮೇಯುತ್ತಿದ್ದ ಆ ದನಗಳು ಫಿರಂಗಿ ಎಳೆದವು. 1860ರಲ್ಲಿ ಬ್ರಿಟಿಷರ ಆಡಳಿತ ಖರ್ಚು ಉಳಿಸುವ ನೆವದಲ್ಲಿ ಹಿಂಡುಗಳನ್ನೇ ಮಾರಿಬಿಟ್ಟಿತು. ಒಳ್ಳೆಯ ಎತ್ತು ಸಿಗದಾದಾಗ ಪೇಚಾಡಿ 1866ರಲ್ಲಿ ಮತ್ತೆ ದನ ಕೂಡಿಸತೊಡಗಿತು. ತಲೆಮಾರುಗಳ ಕೆಲಸವನ್ನು ಹರಾಜು ಕೂಗಿ ಮಾರುವುದು ಸುಲಭ, ಕಟ್ಟುವುದು ಕಷ್ಟ. ಈಗ ಕಾವಲುಗಳೇ ಕರಗುತ್ತಿವೆ. ನಮ್ಮ ಹಳ್ಳಿಗಳಲ್ಲಿ ಕೊಟ್ಟಿಗೆಯ ಹಸುವಿನ ಅಜ್ಜಿ ಯಾವುದು ಎಂದರೆ ಯಾರಿಗೂ ಗೊತ್ತಿಲ್ಲ, ಗರ್ಭ ಕಟ್ಟಿಸಲು ಇಂಜೆಕ್ಷನ್ ಕೊಟ್ಟವರ ಚೀಟಿಯೂ ಇರುವುದಿಲ್ಲ.

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ನನಗೆ ಪರಿಚಯದ ರೈಟರ್, ಅಂದರೆ ತೋಟದ ಗುಮಾಸ್ತ, ಒಬ್ಬರಿದ್ದರು. ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಎಂದು ಬರೆಯುತ್ತಿದ್ದರು. ಹೂಮಳೆ ಯಾವತ್ತು ಬಿತ್ತು, ಯಾವ ಬ್ಲಾಕಿನಲ್ಲಿ ಹೂವು ಮೊದಲು ಬಿಟ್ಟಿತು ಎಂಬುದೂ ಅದರಲ್ಲೇ. ಅವರು ತೀರಿಕೊಂಡ ವರ್ಷ ಆ ಪುಸ್ತಕಗಳೆಲ್ಲ ಗುಜರಿಗೆ ಹೋದವು. ತೋಟದವರನ್ನು ಕೇಳಿದೆ. ‘ಮೊಬೈಲಿನಲ್ಲಿ ಮಳೆ ಬರುತ್ತಲ್ಲ ಸಾರ್’ ಎಂದರು. ನಾಳೆಯ ಮಳೆ ಬರುತ್ತದಪ್ಪಾ, ನಿಮ್ಮ ತಾತನ ಕಾಲದ ಮಳೆ ಎಲ್ಲಿ ಬರುತ್ತದೆ? ಹಲ್ಮಿಡಿಯಂಥ ಶಾಸನ ಸಿಕ್ಕ ಜಿಲ್ಲೆಯವರು ನೀವು. ಗದ್ದೆ ದಾನ ಬಿಟ್ಟದ್ದನ್ನು ಕಲ್ಲಿನಲ್ಲಿ ಕೊರೆದಿಟ್ಟವರ ಊರುಗಳಲ್ಲಿ ಇವತ್ತು ಎಷ್ಟು ಮನೆಯಲ್ಲಿ ಲೆಕ್ಕದ ಪುಸ್ತಕವಿದೆ?

ಪಾರಿವಾಳದಿಂದ ಉಪಯೋಗವೇನು ಎಂಬುದಕ್ಕೂ ಒಂದು ಮಾತು. ಒಡಿಶಾ ಪೊಲೀಸರು 1946ರಿಂದ ಪಾರಿವಾಳದ ಅಂಚೆ ನಡೆಸಿದರು. 1999ರ ಚಂಡಮಾರುತದಲ್ಲಿ ತಂತಿಗಳೆಲ್ಲ ನೆಲಕಚ್ಚಿದಾಗಲೂ ಸುದ್ದಿ ಒಯ್ದದ್ದು ಅವೇ. ಆದರೆ ಉಪಯೋಗದ ಪಟ್ಟಿ ಕೊಟ್ಟು ನಿಮ್ಮನ್ನು ಒಪ್ಪಿಸಬೇಕಾಗಿ ಬಂದದ್ದೇ ಬೇಜಾರು. ಹುಡುಗ ಅದೇ ಭಾನುವಾರವನ್ನು ಐಪಿಎಲ್ ಆ್ಯಪಿನಲ್ಲಿ ದುಡ್ಡು ಕಟ್ಟಿ ಕಳೆದಿದ್ದರೆ ನೀವು ನನಗೆ ಪತ್ರ ಬರೆಯುತ್ತಿರಲಿಲ್ಲ, ನೆಂಟರೂ ಕಾಫಿ ಕುಡಿದೇ ಹೋಗುತ್ತಿದ್ದರು.

ನೀವು ಕೇಳಿದ ಲೇಖನ ನಮ್ಮಲ್ಲಿ ಬರುವುದಿಲ್ಲ. ಬದಲಿಗೆ ಒಂದು ಕೆಲಸ ಹೇಳುತ್ತೇನೆ. ಗೂಡು ಗುಡಿಸುವಾಗ ಮಾಸ್ಕ್ ಹಾಕಲೇಬೇಕು ಎಂದು ಮಗನಿಗೆ ಹೇಳಿ, ಪಕ್ಕದ ಮನೆಯ ಕಡೆಗೆ ಜಾಲರಿ ಕಟ್ಟಿಸಿ. ಆಮೇಲೆ ನೋಟ್‌ಬುಕ್ ಕೇಳಿ. ಗಾಳಿಯ ದಿಕ್ಕಿಗೆ ಬೇರೆ ಕಾಲಂ ಇಲ್ಲದಿದ್ದರೆ ಗೆರೆ ಎಳೆದುಕೊಡಿ, ಸರಾಸರಿ ತೆಗೆಯುವ ಭಾರ ನೀವೇ ಹೊರಿ. ಒಂದು ಪುಟದ ನಕಲು ಕಳಿಸಿದರೆ ನಮ್ಮಲ್ಲಿ ಅಚ್ಚು ಹಾಕುತ್ತೇವೆ, ಅವನ ಹೆಸರಿನಲ್ಲಿ.

ಚಂದಾ ವಿಷಯ: ಡಿಸೆಂಬರ್‌ವರೆಗೆ ದುಡ್ಡು ಕಟ್ಟಿದ್ದೀರಿ. ಅಲ್ಲಿಯವರೆಗೆ ಪತ್ರಿಕೆ ಬಂದೇ ಬರುತ್ತದೆ.