ಬೀಜ ಕೊಟ್ಟರೆ ಹೆಸರೂ ಹೋಗುತ್ತಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ. ಮಾವನವರ ಕಾಲದಿಂದ ಒಂದೂವರೆ ಎಕರೆಯಲ್ಲಿ ಜೀರಿಗೆಸಾಲೆ ಅನ್ನುವ ನಾಟಿ ಭತ್ತ ಬೆಳೆಯುತ್ತಿದ್ದೇವೆ. ಹಬ್ಬಕ್ಕೆ, ನೆಂಟರು ಬಂದಾಗ ಅದೇ ಅಕ್ಕಿ. ಈಚೆಗೆ ಬೆರಕೆ ಜಾಸ್ತಿಯಾಗಿದೆ. ತೆನೆ ತುಂಬುವ ಹೊತ್ತಿಗೆ ಒಂದು ಮಳೆ ಹೊಡೆದರೆ ಪೈರು ಚಾಪೆ ಹಾಸಿದ ಹಾಗೆ ಮಲಗುತ್ತೆ. ಬೆಂಕಿ ರೋಗದ ಕಾಟ ಬೇರೆ, ಎಲೆ ಸುಟ್ಟ ಹಾಗಾಗಿ ತೆನೆಯ ಕುತ್ತಿಗೆ ಕಪ್ಪಾಗುತ್ತೆ. ಹೋದ ತಿಂಗಳು ತಳಿ ವಿಜ್ಞಾನಿಯೊಬ್ಬರು ಬಂದಿದ್ದರು. ಸ್ವಲ್ಪ ಬೀಜ ಕೊಡಿ, ನಿಮ್ಮ ಗದ್ದೆಯಲ್ಲೇ ಒಟ್ಟಿಗೆ ಸುಧಾರಿಸೋಣ ಅಂದರು. ನನ್ನ ಮೈದುನ ಬೇಡವೇ ಬೇಡ ಅನ್ನುತ್ತಾನೆ. ಅವರು ತಮ್ಮ ಹೆಸರು ಹಾಕಿಕೊಳ್ತಾರೆ, ಆಮೇಲೆ ನಮ್ಮ ಬೀಜ ನಾವೇ ದುಡ್ಡು ಕೊಟ್ಟು ತರಬೇಕಾಗುತ್ತೆ ಅಂತ ಅವನ ವಾದ. ಏನು ಮಾಡಲಿ?

ಉತ್ತರ: ನಿಮ್ಮ ಮೈದುನ ಸುಮ್ನೆ ಹೆದರುತ್ತಿಲ್ಲಮ್ಮ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿ ದಾದಾಜಿ ಖೋಬ್ರಾಗಡೆ ಅಂತ ಒಬ್ಬ ಸಣ್ಣ ರೈತರಿದ್ದರು. 1983ರ ಸುಮಾರಿಗೆ ತಮ್ಮ ಭತ್ತದ ಗದ್ದೆಯಲ್ಲಿ ಬೇರೆ ಥರ ಕಂಡ ಒಂದಷ್ಟು ತೆನೆ ಆರಿಸಿ, ವರ್ಷವರ್ಷವೂ ಬೆಳೆಸಿ, ಒಂದು ಸಣ್ಣಕ್ಕಿಯ ತಳಿ ಮಾಡಿದರು. ಆಗ ಎಲ್ಲರೂ ಆಸೆಪಡುತ್ತಿದ್ದ ಕೈಗಡಿಯಾರದ ಹೆಸರನ್ನೇ ಇಟ್ಟರು, ಎಚ್‌ಎಂಟಿ. ನಮ್ಮ ಬೆಂಗಳೂರಿನ ವಾಚು! ತಳಿ ರಾಜ್ಯರಾಜ್ಯ ದಾಟಿತು. ಅದನ್ನೇ ಶುದ್ಧ ಮಾಡಿದ ತಳಿಯೊಂದು ಬೇರೆಯವರ ಹೆಸರಲ್ಲಿ ಬಿಡುಗಡೆಯೂ ಆಯಿತು. ದಾದಾಜಿಗೆ ಮಾನ ಸಿಕ್ಕಿದ್ದು ತಡವಾಗಿ, ಹಣ ಸಿಕ್ಕಿದ್ದು ಇನ್ನೂ ಕಮ್ಮಿ. 2018ರಲ್ಲಿ ತೀರಿಕೊಂಡರು.

ಆದರೂ ನಾನು ಕೊಡಿ ಅಂತಲೇ ಹೇಳುತ್ತೇನೆ. ಕೊಡುವ ಮುಂಚೆ ಒಂದು ಕೆಲಸ ಮಾಡಿ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ‘ರೈತರ ತಳಿ’ ಅಂತ ನೋಂದಣಿ ಮಾಡಿಸಬಹುದು. ರೈತರಿಗೆ ನೋಂದಣಿ ಶುಲ್ಕ ಇಲ್ಲ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅರ್ಜಿ ತುಂಬಲು ಸಹಾಯ ಕೇಳಿ. ನಿಮ್ಮೊಬ್ಬರ ಮನೆಯ ಹೆಸರಿಗಿಂತ ಊರಿನವರ ಗುಂಪಿನ ಹೆಸರಲ್ಲಿ ಮಾಡಿಸುವುದು ಮೇಲು. ಯಾಕೆಂದರೆ ಜೀರಿಗೆಸಾಲೆ ನಿಮ್ಮೊಬ್ಬರ ಮನೆಯ ಸ್ವತ್ತಲ್ಲ ಅಲ್ವಾ? ವಿಜ್ಞಾನಿಯ ಹತ್ತಿರವೂ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಎಷ್ಟು ಸೇರು ಬೀಜ, ಯಾವ ತಾರೀಕು, ಯಾತಕ್ಕೆ, ಮುಂದೆ ತಳಿ ಬಂದರೆ ಯಾರ ಹೆಸರು. ಒಳ್ಳೆಯವರಾದರೆ ಖುಷಿಯಿಂದ ಬರೆದುಕೊಡುತ್ತಾರೆ.

ಇನ್ನು ಕೊಡಿ ಅಂದಿದ್ದು ಯಾಕೆ ಅಂದರೆ, ನಾನೂ 34 ವರ್ಷ ಭತ್ತದ ತಳಿ ಕೆಲಸ ಮಾಡಿದವನು. ನಮ್ಮ ಬಡಾಯಿ ಎಷ್ಟು, ದಡ್ಡತನ ಎಷ್ಟು ಅಂತ ಎರಡೂ ಗೊತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಲೆನಾಡಿನ ಒಂದು ಊರಲ್ಲಿ 20 ಸಾಲು ಹಾಕಿದ್ದೆ, ಸಾಲಿಗೊಂದು ಬೇರೆ ಭತ್ತ. 17ನೇದು ಇಳುವರಿಯಲ್ಲಿ ಎಲ್ಲಕ್ಕಿಂತ ಮುಂದು. ಅದಕ್ಕೆ ಕೆಂಪು ಪಟ್ಟಿ ಕಟ್ಟಿ ಮೆರೆಯುತ್ತಿದ್ದೆ. ಕೊಯ್ಲಿನ ದಿನ ಆ ಮನೆಯ ಅಜ್ಜಿ ಗದ್ದೆಗಿಳಿದರು. ಒಂದು ತೆನೆ ಮುರಿದು ಅಂಗೈಯಲ್ಲಿ ತಿಕ್ಕಿ, ಊದಿ, ಎರಡು ಕಾಳು ಬಾಯಿಗೆ ಹಾಕಿಕೊಂಡರು. ಆಮೇಲೆ ಹುಲ್ಲನ್ನು ಹೊಸೆದು ನೋಡಿದರು. ಅದು ಪಟ್ ಅಂತ ಮುರಿಯಿತು. “ಇದ್ರಲ್ಲಿ ಹೊರೆ ಕಟ್ಟೋಕಾಗುತ್ತೇನಪ್ಪ? ದನವೂ ಮೂಸಲ್ಲ” ಅಂದು 9ನೇ ಸಾಲಿನ ಮುಂದೆ ಹೋಗಿ ನಿಂತರು. ಸಂಜೆ ಎರಡನ್ನೂ ಬೇಯಿಸಿದರು. ಬಿಸಿಯಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲ. ಬೆಳಿಗ್ಗೆ ನೋಡಿದರೆ 17ರ ತಂಗಳನ್ನ ಜಲ್ಲಿಕಲ್ಲು, 9ರದು ಮೆತ್ತಗೇ ಇತ್ತು. ನನ್ನ ನೋಟ್‌ಬುಕ್ಕಿನಲ್ಲಿ 14 ಕಾಲಂ ಇದ್ದವು. ಹುಲ್ಲಿಗೊಂದು, ತಂಗಳನ್ನಕ್ಕೊಂದು ಕಾಲಂ ಇರಲಿಲ್ಲ.

ಅಜ್ಜಿಗೂ ಒಂದು ಕಾಣುತ್ತಿರಲಿಲ್ಲ ಅನ್ನಿ. 9ನೇದಕ್ಕೆ ಬೆಂಕಿ ರೋಗ ತಡೆಯುವ ಶಕ್ತಿ ಇತ್ತೋ, ಆ ವರ್ಷ ರೋಗವೇ ಬರಲಿಲ್ಲವೋ ಅನ್ನುವುದು ಕಣ್ಣಳತೆಗೆ ಸಿಗುವುದಿಲ್ಲ. ಅದಕ್ಕೆ ರೋಗ ಹಚ್ಚಿ ನೋಡುವ ಮಡಿ ಬೇಕು, ನಾಲ್ಕಾರು ಕಡೆ ಬೆಳೆದು ನೋಡಬೇಕು. ಅದು ನಮ್ಮಂಥವರ ಕೆಲಸ.

ನಿಮ್ಮ ಜೀರಿಗೆಸಾಲೆಗೆ ಹೊಂದುವ ಕಥೆ ನೇಪಾಳದ ಪೋಖರಾ ಕಣಿವೆಯದು. ಅಲ್ಲಿ ಜೇಠೋಬುಢೋ ಅಂತ ಘಮಘಮಿಸುವ ಭತ್ತ. ನಿಮ್ಮದೇ ಗೋಳು: ಬೆರಕೆ, ಬೀಳುವುದು, ಬೆಂಕಿ ರೋಗ. ಅವರು ಹೊರಗಿನ ತಳಿಯ ಜೊತೆ ಸಂಕರ ಮಾಡಲು ಹೋಗಲೇ ಇಲ್ಲ. ರೈತರ ಮನೆಗಳಿಂದ 300ಕ್ಕೂ ಹೆಚ್ಚು ಮಾದರಿ ಕೂಡಿಸಿ, ರೈತರ ಜೊತೆಯೇ ಬೆಳೆದು, ಉಂಡು ನೋಡಿ, ಜರಡಿ ಹಿಡಿದರು. ಕೊನೆಗೆ ಉಳಿದ 6 ಒಳ್ಳೆಯವನ್ನು ಒಟ್ಟು ಬೆರೆಸಿ 2006ರಲ್ಲಿ ಪೋಖರೇಲಿ ಜೇಠೋಬುಢೋ ಅಂತ ಬಿಡುಗಡೆ ಮಾಡಿದರು. ಒಂದನ್ನೇ ಇಟ್ಟುಕೊಳ್ಳಲಿಲ್ಲ, ಗಮನಿಸಿ. ಶುದ್ಧ ಮಾಡುವ ಹುರುಪಿನಲ್ಲಿ ಎಲ್ಲ ಬಿಟ್ಟು ಒಂದೇ ತೆನೆಯ ಸಂತಾನ ಉಳಿಸಿಕೊಳ್ಳೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಈ ಸಲವೇ ಶುರು ಮಾಡಿ. ಕೊಯ್ಲಿಗೆ ಒಂದು ವಾರ ಮುಂಚೆ ಗದ್ದೆಯ ಮಧ್ಯಕ್ಕೆ ಇಳಿಯಿರಿ. ಬದುವಿನ ಪಕ್ಕದ್ದು ಬೇಡ, ಅಲ್ಲಿ ಗಾಳಿ ಬೆಳಕು ಜಾಸ್ತಿ, ಎಲ್ಲ ಪೈರೂ ಚೆನ್ನಾಗಿಯೇ ಕಾಣುತ್ತೆ. ಅಕ್ಕಪಕ್ಕದ್ದು ಮಲಗಿದ್ದರೂ ನಿಂತಿರುವ, ಕುತ್ತಿಗೆ ಕಪ್ಪಾಗದ ಬುಡ ಹುಡುಕಿ. ಸುಮಾರು 200 ತೆನೆ ಕೊಯ್ದು ಬೇರೆಬೇರೆ ಇಡಿ. ಮುಂದಿನ ಮಳೆಗಾಲಕ್ಕೆ ತೆನೆಗೊಂದು ಸಾಲು ನೆಡಿ. ಒಳಗೆ ಬೆರಕೆ ಕಂಡ ಸಾಲನ್ನು ಪೂರ್ತಿ ಕಿತ್ತುಹಾಕಿ. ವಿಜ್ಞಾನಿಯನ್ನು ಆಗ ಕರೆಯಿರಿ. ಮೈದುನನೂ ಜೊತೆಗಿರಲಿ, ಅಂಥ ಅನುಮಾನದ ಕಣ್ಣು ಸಾಲು ಆರಿಸಲು ಬಹಳ ಒಳ್ಳೆಯದು.

ಪ್ರಶ್ನೆ: ಜಿಪಿಯು-28 ರಾಗಿಯಲ್ಲಿ ನಾನೇ ಒಳ್ಳೆ ತೆನೆ ಆರಿಸಿ ಬೀಜ ಮಾಡಿದ್ದೇನೆ. ಪಕ್ಕದ ಊರಿನವರು ಕೇಳುತ್ತಿದ್ದಾರೆ. ಮಾರಿದರೆ ಕೇಸಾಗುತ್ತೆ ಅಂತ ಬೀಜದಂಗಡಿಯವರು ಹೆದರಿಸಿದರು. ನಿಜವಾ? (ಮಾಗಡಿ)

ಉತ್ತರ: ಇಲ್ಲ. ಅದೇ 2001ರ ಕಾಯ್ದೆ ನಿಮ್ಮ ಪರ ಇದೆ. ಬೆಳೆದ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಮಾರಲೂಬಹುದು. ಕಾಯ್ದೆಯಡಿ ರಕ್ಷಣೆ ಪಡೆದ ತಳಿಯಾದರೆ ಮಾತ್ರ ಪ್ಯಾಕೆಟ್ಟಿಗೆ ತುಂಬಿ, ಲೇಬಲ್ ಅಂಟಿಸಿ, ಬ್ರಾಂಡ್ ಮಾಡಿ ಮಾರುವ ಹಾಗಿಲ್ಲ. ಗೋಣಿಚೀಲದಲ್ಲಿ ಸೇರಿನಿಂದ ಅಳೆದು ಕೊಡಿ, ಯಾರೂ ಕೇಳುವುದಿಲ್ಲ. ನಿಮ್ಮ ರಾಗಿಯಲ್ಲೇ ಆಫ್ರಿಕದ ರಕ್ತ ಇದೆ, ಗೊತ್ತಾ? ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನು ಮಾಡಿದರು. ಅದರಲ್ಲಿ ಇಂಡಾಫ್-5 ಅನ್ನುವುದು ಜಿಪಿಯು-28ಕ್ಕೆ ಹೆತ್ತವರಲ್ಲೊಂದು.

ಪ್ರಶ್ನೆ: ನಾಟಿ ಮೆಕ್ಕೆಜೋಳದಲ್ಲಿ ಪ್ರತಿವರ್ಷ ಅತ್ಯುತ್ತಮವಾದ ಐದೇ ತೆನೆ ಬೀಜಕ್ಕೆ ಇಡುತ್ತೇನೆ. ಆದರೂ ಗಿಡ ವರ್ಷವರ್ಷ ಕುಗ್ಗುತ್ತಿದೆ. (ಹಾವೇರಿ)

ಉತ್ತರ: ಐದೇ ಇಡುತ್ತಿರುವುದರಿಂದಲೇ ಕುಗ್ಗುತ್ತಿದೆ. ಭತ್ತ, ರಾಗಿ ಹೆಚ್ಚಾಗಿ ತಮ್ಮದೇ ಹೂವಿನ ಪರಾಗದಿಂದ ಕಾಳು ಕಟ್ಟುತ್ತವೆ. ಮೆಕ್ಕೆಜೋಳ ಹಾಗಲ್ಲ, ಅದಕ್ಕೆ ಹೆಚ್ಚಾಗಿ ಗಾಳಿಯಲ್ಲಿ ಬರುವ ಬೇರೆ ಗಿಡದ ಪರಾಗವೇ ಸೇರುತ್ತೆ. ಐದು ತೆನೆಯ ಮಕ್ಕಳು ಅಣ್ಣತಂಗಿಯರಲ್ಲೇ ಮದುವೆಯಾದ ಹಾಗಾಗುತ್ತೆ. ಕಡೇಪಕ್ಷ 100 ಬೇರೆಬೇರೆ ಗಿಡದಿಂದ ಒಂದೊಂದು ತೆನೆ ಇಡಿ. ತೆನೆಯ ಮಧ್ಯದ ದಪ್ಪ ಕಾಳು ಬಿಡಿಸಿ ಎಲ್ಲ ಒಟ್ಟಿಗೆ ಬೆರೆಸಿ. ಈಗಾಗಲೇ ಕುಗ್ಗಿದ್ದರೆ, ಅದೇ ನಾಟಿ ತಳಿ ಬೆಳೆಯುವ ಇನ್ನೊಂದು ಮನೆಯಿಂದ ಎರಡು ಸೇರು ತಂದು ಸೇರಿಸಿಕೊಳ್ಳಿ.