ದೋಣಿ ಹತ್ತಿದ ಗೆಳತಿ ಏನಾದಳು?

ಲೇಖಕಿಯವರಿಗೆ, ನಮಸ್ಕಾರ.

ನಿಮ್ಮ ಕಾದಂಬರಿಯನ್ನು ಪೂರ್ತಿ ಓದಿದೆ. ಧಾರಾವಾಹಿಯಾಗಿ ಪ್ರಕಟಿಸಲು ಆಗುವುದಿಲ್ಲ. ಇಷ್ಟನ್ನೇ ಬರೆದು ಹಸ್ತಪ್ರತಿಯನ್ನು ಮರಳಿಸಬಹುದಿತ್ತು. ಆದರೆ ಹನ್ನೊಂದನೆಯ ಅಧ್ಯಾಯ ಓದಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದನ್ನು ನಿಮ್ಮ ಮುಂದೆ ಇಡದಿದ್ದರೆ ನಿಮಗೂ ಅನ್ಯಾಯ, ನಿಮ್ಮನ್ನು ಓದಬೇಕಾದ ಹುಡುಗಿಯರಿಗೂ ಅನ್ಯಾಯ.

ನಿಮ್ಮ ಕನ್ನಡ ಚೊಕ್ಕವಾಗಿದೆ. ಕಾರವಾರದ ಮೀನು ಮಾರುಕಟ್ಟೆಯ ಬೆಳಗು ಕಣ್ಣಿಗೆ ಕಟ್ಟುತ್ತದೆ.

ಕೋಡಿಬಾಗದಲ್ಲಿ ಅಜ್ಜಿಯ ಜೊತೆಗಿರುವ ಪಿಯುಸಿ ಹುಡುಗಿ ಮೇಘನಾ. ಅವಳ ತರಗತಿಗೆ ಹೊಸದಾಗಿ ಬಂದು ಸೇರುವ ರುದ್ರ, ಸೋದೆ ಅರಸರ ಕಾಲದಲ್ಲಿ ಸದಾಶಿವಗಡದ ಕೋಟೆಯಲ್ಲಿ ಸತ್ತವನು. ಹದಿಹರೆಯದವರಿಗಾಗಿ ಇಂಗ್ಲಿಷಿನಲ್ಲಿ ಬರುವ ಅಲೌಕಿಕ ಪ್ರೇಮಕಾದಂಬರಿಗಳು ನಿಮಗೆ ಇಷ್ಟ, ಅಂಥದೊಂದು ಕನ್ನಡದಲ್ಲಿ ಬರಬೇಕು ಎಂದು ಪತ್ರದಲ್ಲಿ ಬರೆದಿದ್ದೀರಿ. ಬರಲಿ, ನನ್ನ ತಕರಾರಿಲ್ಲ. ಪ್ರೇತ ಪ್ರೀತಿಸಬಾರದೆಂದು ನಾನು ಹೇಳುತ್ತಿಲ್ಲ.

ಏಳನೆಯ ಅಧ್ಯಾಯದ ಈ ಸಾಲುಗಳನ್ನು ನೋಡಿ: 'ಅವನು ರಾತ್ರಿಯಿಡೀ ಕಿಟಕಿಯ ಬಳಿ ನಿಂತು ನಿದ್ರಿಸುತ್ತಿದ್ದ ಅವಳನ್ನೇ ನೋಡುತ್ತಿದ್ದ. ಬದುಕಿನಲ್ಲಿ ಮೊದಲ ಬಾರಿಗೆ ಅವಳಿಗೆ ತಾನು ಸುರಕ್ಷಿತಳು ಎನಿಸಿತು.' ನಿದ್ರೆಯಲ್ಲಿರುವವಳಿಗೆ ಹಾಗೆ ಅನಿಸಿದ್ದು ಯಾವಾಗ? ಬೆಳಿಗ್ಗೆ ಅವನೇ ಹೇಳಿದಾಗ ಎನ್ನುವುದಾದರೆ, ಆ ಬೆಳಗನ್ನು ನೀವು ಬರೆದಿಲ್ಲ. ಅಂಗಳದಲ್ಲಿ ತೆಂಗಿನ ಗರಿ ಬಿದ್ದರೂ ಎದ್ದು ಕೂರುವ ಅಜ್ಜಿ ಎರಡನೆಯ ಅಧ್ಯಾಯದಲ್ಲಿದ್ದರು. ಆ ರಾತ್ರಿ ಅವರು ಎಲ್ಲಿದ್ದರು? ಕರೆಯದೆ ಕೋಣೆಯೊಳಗೆ ಬಂದ ಗಂಡಸನ್ನು ಕಂಡರೆ ಹದಿನೇಳರ ಹುಡುಗಿಗೆ ಮೊದಲು ಹುಟ್ಟುವುದು ಭಯ. ಆ ಭಯವನ್ನು ದಾಟಿ ಅವಳು ಪ್ರೀತಿಗೆ ಬಂದದ್ದು ಹೇಗೆ ಎಂಬುದೇ ನಿಮ್ಮ ಕಾದಂಬರಿ ಆಗಬೇಕಿತ್ತು. ನೀವು ಭಯವನ್ನು ಹೊರಗಿಟ್ಟು ನೇರವಾಗಿ ಸುಖಕ್ಕೆ ಹೋಗಿದ್ದೀರಿ.

ಇನ್ನು ಹನ್ನೊಂದನೆಯ ಅಧ್ಯಾಯ. ಪುಷ್ಯ ಹುಣ್ಣಿಮೆ, ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ. ದೋಣಿ ಮಗುಚುತ್ತದೆಂದು ರುದ್ರನಿಗೆ ಮೊದಲೇ ತಿಳಿದಿದೆ. "'ನಾಳೆ ನೀನು ಹೋಗಕೂಡದು' ಎಂದ. ಆ ಆಜ್ಞೆಯೊಳಗಿನ ಪ್ರೀತಿಗೆ ಅವಳ ಕಣ್ಣು ತುಂಬಿತು." ಮೇಘನಾ ಹೋಗುವುದಿಲ್ಲ. ಗೆಳತಿ ಶಮಾ ಹೋಗುತ್ತಾಳೆ. ದೋಣಿ ಮಗುಚುತ್ತದೆ. ಮುಂದಿನ ಸಾಲು: 'ಅವಳು ಅವನ ಎದೆಗೊರಗಿ, ನೀನಿಲ್ಲದಿದ್ದರೆ ನಾನು ಇರುತ್ತಿರಲಿಲ್ಲ ಎಂದಳು.' ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ. ಶಮಾಳ ಹೆಸರು ಮತ್ತೆ ಎಲ್ಲಿಯೂ ಬರುವುದಿಲ್ಲ. ಹಿಂದಕ್ಕೆ ತಿರುಗಿಸಿ ಹುಡುಕಿದೆ, ಮುಂದಕ್ಕೂ ಹುಡುಕಿದೆ.

2019ರ ಜನವರಿ 21ರಂದು ಅದೇ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಮಕ್ಕಳೂ ಸೇರಿ 15ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಪತ್ರಿಕೆಯನ್ನು ಓದುವವರಲ್ಲಿ ಆ ದಿನ ದಂಡೆಯಲ್ಲಿ ಕಾದು ನಿಂತವರಿದ್ದಾರೆ. ಅದರ ಬಗ್ಗೆ ಬರೆಯಬೇಡಿ ಎನ್ನುವುದಿಲ್ಲ. ಬರೆಯಲೇಬೇಕಾದ ಸಂಗತಿ ಅದು. ಆದರೆ ಮುಂದಾಗುವುದನ್ನು ಬಲ್ಲವನೊಬ್ಬ ತನಗೆ ಬೇಕಾದ ಒಬ್ಬಳನ್ನು ಮಾತ್ರ ತಡೆದು, ಉಳಿದವರನ್ನು ನೀರಿಗೆ ಬಿಟ್ಟ. ಬದುಕಿದವಳು ಅವನನ್ನು ಒಂದು ಮಾತೂ ಕೇಳುವುದಿಲ್ಲ. 'ಶಮಾಳಿಗೆ ಏಕೆ ಹೇಳಲಿಲ್ಲ?' ಎಂಬ ಒಂದೇ ಪ್ರಶ್ನೆ ಅವಳ ಬಾಯಿಂದ ಬಂದಿದ್ದರೆ ನಾನು ಈ ಕಾದಂಬರಿಯನ್ನು ಎದೆಗೊತ್ತಿಕೊಳ್ಳುತ್ತಿದ್ದೆ.

ಶಿರಸಿಯ ವಾರಪತ್ರಿಕೆಯೊಂದರಲ್ಲಿ ನಾನು ಕೆಲಸ ಕಲಿತೆ. ಅಚ್ಚುಮೊಳೆಗಳನ್ನು ಕೈಯಲ್ಲೇ ಜೋಡಿಸುತ್ತಿದ್ದ ಕಾಲ ಅದು. ಹಿಂದಿರುಗಿಸುವ ಕತೆಗಳ ಜೊತೆ ಕಳಿಸಬೇಕಾದ ಪತ್ರಗಳನ್ನು ಬರೆಯುವ ಕೆಲಸವನ್ನು ಸಂಪಾದಕರು ನನಗೆ ವಹಿಸಿದ್ದರು. ಪತ್ರಕ್ಕೆ ಕೂರುವ ಮೊದಲು ಒಂದು ಕಟ್ಟಳೆ: ಪ್ರತಿ ಪುಟದ ಅಂಚಿನಲ್ಲಿ, ಆ ಪುಟದಲ್ಲಿ ಪಾತ್ರ ಏನು ಮಾಡಿತು ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಬೇಕು. 'ಅನಿಸಿದ್ದು ಬೇಡ, ಮಾಡಿದ್ದನ್ನು ಬರಿ' ಎನ್ನುತ್ತಿದ್ದರು. ಸಂಜೆ ಪೇಟೆಯ ಗದ್ದಲ ಇಳಿದ ಮೇಲೆ ಆ ಅಂಚುಗಳನ್ನಷ್ಟೇ ಓದಿಸಿ ಕೇಳುತ್ತಿದ್ದರು. ಕತೆಯಲ್ಲಿ ಜೀವ ಎಷ್ಟಿದೆಯೆಂದು ಅಷ್ಟರಲ್ಲೇ ತಿಳಿದುಬಿಡುತ್ತಿತ್ತು. ಆ ಅಭ್ಯಾಸವನ್ನು ನಾನು ಈಗಲೂ ಬಿಟ್ಟಿಲ್ಲ.

ನಿಮ್ಮ ಹಸ್ತಪ್ರತಿಗೂ ಹಾಗೆಯೇ ಮಾಡಿದೆ. ಮೇಘನಾ: ನಾಚಿದಳು, ನಡುಗಿದಳು, ಕಾದಳು, ಅತ್ತಳು, ಒರಗಿದಳು, ಮತ್ತೆ ಕಾದಳು. ಶಮಾ: ಸ್ಕೂಟರ್ ಕಲಿತಳು, ಅಂಕ ಕಡಿಮೆ ಕೊಟ್ಟ ಉಪನ್ಯಾಸಕರನ್ನು ಕೇಳಿದಳು, ಅಮ್ಮನ ಮೀನಿನ ಬುಟ್ಟಿ ಹೊತ್ತಳು. ನಿಮ್ಮ ಕೈಯಲ್ಲಿ ಇಂಥ ಹುಡುಗಿಯೊಬ್ಬಳು ಹುಟ್ಟಿದ್ದಾಳೆ. ಅವಳನ್ನೇ ನೀವು ಮುಳುಗಿಸಿದಿರಿ.

ಪ್ರೇಮವೂ ಪವಾಡವೂ ಒಟ್ಟಿಗಿರುವ ಕತೆಗೆ ನೀವು ಅಷ್ಟು ದೂರ ಹೋಗಬೇಕಿರಲಿಲ್ಲ. ನಮ್ಮ ಬಯಲಾಟಗಳಲ್ಲಿ ಉಷಾ ಪರಿಣಯ ನೋಡಿರಬಹುದು. ಕನಸಿನಲ್ಲಿ ಕಂಡವನು ಯಾರೆಂದು ತಿಳಿಯದೆ ಬಾಣಾಸುರನ ಮಗಳು ಅಳುತ್ತಾ ಕೂರುವುದಿಲ್ಲ. ಗೆಳತಿ ಚಿತ್ರಲೇಖೆಯಿಂದ ದೇವ, ಗಂಧರ್ವ, ಮನುಷ್ಯರೆಲ್ಲರ ಚಿತ್ರ ಬರೆಸುತ್ತಾಳೆ, ಅನಿರುದ್ಧನನ್ನು ಗುರುತಿಸುತ್ತಾಳೆ. ಚಿತ್ರಲೇಖೆ ದ್ವಾರಕೆಗೆ ಹಾರಿ, ಮಲಗಿದ್ದವನನ್ನು ಹೊತ್ತು ತರುತ್ತಾಳೆ. ಇಲ್ಲಿಯೂ ಒಬ್ಬರು ನಿದ್ರೆಯಲ್ಲಿದ್ದಾರೆ. ಆದರೆ ಹುಡುಗಿಯರಿಬ್ಬರೂ ಎಚ್ಚರವಾಗಿದ್ದಾರೆ. ಗೆಳತಿಯಿಲ್ಲದೆ ಆ ಪ್ರಸಂಗ ಒಂದು ಹೆಜ್ಜೆಯೂ ಮುಂದೆ ಹೋಗದು.

ಇನ್ನೊಂದು ವಿಷಯ. ಮೂರನೆಯ ಅಧ್ಯಾಯದಲ್ಲಿ ರುದ್ರ ಹರಿಯುವ ನೀರನ್ನು ದಾಟಲಾರ. ಒಂಬತ್ತನೆಯದರಲ್ಲಿ ಕಾಳಿ ನದಿಯ ಆಚೆ ಸದಾಶಿವಗಡದಲ್ಲಿ ನಿಂತಿದ್ದಾನೆ. ಅಲೌಕಿಕಕ್ಕೂ ಕಟ್ಟುಪಾಡು ಬೇಕು. ಸೋದೆಯ ಭೂತರಾಜನ ಐತಿಹ್ಯವನ್ನೇ ನೋಡಿ: ದಾರಿಹೋಕರಿಗೆ ಒಗಟು ಹಾಕಿ, ಉತ್ತರಿಸಲಾರದವರನ್ನು ತಿನ್ನುತ್ತಿದ್ದ ಬ್ರಹ್ಮರಾಕ್ಷಸ ಅವನು. ಸೋದೆ ಮಠದ ಯತಿ ವಾದಿರಾಜರು ಉತ್ತರ ಹೇಳಿದ ಮೇಲೆ ಅವರ ಸೇವಕನಾಗಿ ನಿಂತ. ಎಷ್ಟೇ ಬಲವಿದ್ದರೂ ತನ್ನ ಮಾತಿಗೆ ತಾನು ಕಟ್ಟುಬಿದ್ದ. ಹಾಗೆ ಕಟ್ಟುಬಿದ್ದದ್ದರಿಂದಲೇ ಜನ ಅವನನ್ನು ಇಂದಿಗೂ ನಂಬುತ್ತಾರೆ. ನೀರು ದಾಟಲಾರದ ರುದ್ರ ಈ ದಡದಲ್ಲೇ ಉಳಿದು, ದೋಣಿ ಹೊರಡುವುದನ್ನು ನೋಡುತ್ತಾ ನಿಂತಿದ್ದರೆ ಅವನ ಸಂಕಟಕ್ಕೂ ಒಂದು ಅರ್ಥವಿರುತ್ತಿತ್ತು.

ಉಳಿದ ಅಧ್ಯಾಯಗಳ ಬಗ್ಗೆ ಬರೆಯುವುದಿಲ್ಲ. ಹನ್ನೊಂದನ್ನು ಮಾತ್ರ ಮತ್ತೆ ಬರೆಯಿರಿ. ರುದ್ರ ಬೇಡವೆಂದ ರಾತ್ರಿಯೇ ಮೇಘನಾ ಶಮಾಳ ಮನೆಯ ಬಾಗಿಲು ತಟ್ಟಲಿ. ಶಮಾ ನಂಬಬಹುದು, ನಗಬಹುದು, ಬೈದು ಕಳಿಸಬಹುದು. ಅದು ನಿಮಗೆ ಬಿಟ್ಟದ್ದು. ಪ್ರೇಮ ಆಮೇಲೂ ಉಳಿಯುತ್ತದೆಯೇ ಎಂಬುದನ್ನು ಮೇಘನಾಳೇ ತೀರ್ಮಾನಿಸಲಿ. ಬರೆದಾದ ಮೇಲೆ ಆ ಅಧ್ಯಾಯವೊಂದನ್ನೇ ನನ್ನ ಹೆಸರಿಗೆ ಕಳಿಸಿ. ಬಂದ ದಿನವೇ ಓದುತ್ತೇನೆ.