ಮರಳಿಗೆ ಸಂಜೆ ಬಿಸಿಲು, ಆಸ್ಪೆನ್ ಎಲೆಗೆ ಎದುರು ಬಿಸಿಲು

ಪ್ರಶ್ನೆ: ಮಗಳು ಅಮೆರಿಕದ ಡೆನ್ವರ್‌ನಲ್ಲಿದ್ದಾಳೆ. ಸೆಪ್ಟೆಂಬರ್ ಕೊನೆಯ ವಾರ ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೇವೆ. ಕೊಲರಾಡೊದ ಆಸ್ಪೆನ್ ಮರಗಳ ಹಳದಿ ಕಾಡನ್ನೂ ಮರಳು ದಿಬ್ಬಗಳನ್ನೂ ಒಂದೇ ಸುತ್ತಿನಲ್ಲಿ ಚಿತ್ರಿಸಲು ಸಾಧ್ಯವೇ? ಇಬ್ಬರಿಗೂ ಅರವತ್ತು ದಾಟಿದೆ.

ಉತ್ತರ: ಸಾಧ್ಯ. ನಾಲ್ಕು ದಿನವಾದರೂ ಕೈಯಲ್ಲಿರಲಿ. ಡೆನ್ವರ್‌ನಿಂದ ಗ್ರೇಟ್ ಸ್ಯಾಂಡ್ ಡ್ಯೂನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಕಾರಿನಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ಅಲ್ಲಿಂದ ಪಶ್ಚಿಮಕ್ಕೆ ಸ್ಯಾನ್ ವಾನ್ ಪರ್ವತಗಳ ಕಡೆ ಹೋಗಿ, ಡುರಾಂಗೊ, ಸಿಲ್ವರ್ಟನ್, ಯೂರೇ ಎಂಬ ಕ್ರಮದಲ್ಲಿ ಉತ್ತರಕ್ಕೆ ಬನ್ನಿ. ಈ ಕ್ರಮ ಹೇಳುವುದಕ್ಕೆ ಕಾರಣವಿದೆ. ಸಿಲ್ವರ್ಟನ್‌ನಿಂದ ಯೂರೇಗೆ ಹೋಗುವ ಹೆದ್ದಾರಿಯಲ್ಲಿ ಹಲವೆಡೆ ತಡೆಗೋಡೆಯೇ ಇಲ್ಲ. ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುವುದರಿಂದ, ಉತ್ತರಕ್ಕೆ ಹೊರಟವರಿಗೆ ಬೆಟ್ಟದ ಬದಿ ಸಿಗುತ್ತದೆ, ದಕ್ಷಿಣಕ್ಕೆ ಹೊರಟವರಿಗೆ ಪ್ರಪಾತದ ಬದಿ. ಪಕ್ಕದಲ್ಲಿ ಕುಳಿತವರು ಕಣ್ಣು ಮುಚ್ಚಿಕೊಂಡಿದ್ದರೆ ದಾರಿಯ ಒಳ್ಳೆಯ ದೃಶ್ಯಗಳನ್ನು ನಿಮಗೆ ತೋರಿಸುವವರು ಯಾರು? ಅದೇ ದಾರಿಯ ರೆಡ್ ಮೌಂಟನ್ ಪಾಸ್ 11,018 ಅಡಿ ಎತ್ತರದಲ್ಲಿದೆ. ಆದ್ದರಿಂದ ಮೊದಲ ಎರಡು ದಿನ ಡೆನ್ವರ್‌ನಲ್ಲಿಯೇ ವಿಶ್ರಾಂತಿ ಪಡೆದು, ನೀರು ಚೆನ್ನಾಗಿ ಕುಡಿಯುತ್ತಾ ದೇಹವನ್ನು ಒಗ್ಗಿಸಿಕೊಳ್ಳಿ. ಹೃದಯ ಅಥವಾ ಉಸಿರಾಟದ ತೊಂದರೆ ಇದ್ದರೆ ಟಿಕೆಟ್ ಕಾಯ್ದಿರಿಸುವ ಮೊದಲೇ ವೈದ್ಯರನ್ನು ಕೇಳುವುದು ಒಳ್ಳೆಯದು.

ಪ್ರಶ್ನೆ: ಮರಳು ದಿಬ್ಬಗಳಿಗೆ ಸೂರ್ಯೋದಯವೇ ಶ್ರೇಷ್ಠ ಎಂದು ಎಲ್ಲರೂ ಹೇಳುತ್ತಾರೆ. ನಿಮ್ಮ ಅಭಿಪ್ರಾಯ?

ಉತ್ತರ: ಎಲ್ಲರೂ ಹೇಳುವುದು ಬೇರೆ ದಿಬ್ಬಗಳ ವಿಷಯದಲ್ಲಿ ನಿಜವಿರಬಹುದು. ಇಲ್ಲಿ ನನ್ನ ಮತ ಸಂಜೆಗೆ. ಈ ದಿಬ್ಬಗಳು ಸ್ಯಾಂಗ್ರೆ ಡಿ ಕ್ರಿಸ್ಟೊ ಪರ್ವತಸಾಲಿನ ಪಶ್ಚಿಮ ಬುಡದಲ್ಲಿ ಕುಳಿತಿವೆ. ಪಂಚಾಂಗದ ಸೂರ್ಯೋದಯವಾದ ಮೇಲೂ ಬಿಸಿಲು ಬೆಟ್ಟ ಹತ್ತಿ ಇಳಿದು ಮರಳನ್ನು ಮುಟ್ಟಲು ಸಮಯ ಬೇಕು. ಅಷ್ಟರಲ್ಲಿ ಸೂರ್ಯ ಮೇಲೇರಿ, ನೆರಳು ಗಿಡ್ಡವಾಗಿರುತ್ತದೆ. ಸಂಜೆ ಹಾಗಲ್ಲ. ಪಶ್ಚಿಮಕ್ಕೆ ಸ್ಯಾನ್ ಲೂಯಿಸ್ ಕಣಿವೆ ವಿಶಾಲವಾಗಿ ತೆರೆದುಕೊಂಡಿದೆ, ಬೆಳಕು ಬಹಳ ಹೊತ್ತು ನೆಲಕ್ಕೆ ಸವರಿಕೊಂಡೇ ಬರುತ್ತದೆ. ಸೂರ್ಯ ದಿಗಂತದಿಂದ ಹತ್ತು ಡಿಗ್ರಿ ಮೇಲಿದ್ದರೆ ಮಟ್ಟಸ ನೆಲದ ಮೇಲೆ ಬೀಳುವ ನೆರಳು ವಸ್ತುವಿನ ಎತ್ತರದ ಐದೂವರೆ ಪಟ್ಟಿಗೂ ಹೆಚ್ಚು. ಅಂಗುಲ ಎತ್ತರದ ಮರಳಲೆಯೂ ಆಗ ಗೆರೆ ಎಳೆದ ಹಾಗೆ ಎದ್ದು ಕಾಣುತ್ತದೆ.

ಆ ಅಲೆಗಳ ಹತ್ತಿರ ಒಮ್ಮೆ ಮಂಡಿಯೂರಿ ನೋಡಿ. ತುದಿಗಳಲ್ಲಿ ಅಲ್ಲಲ್ಲಿ ಕಪ್ಪು ಎಳೆಗಳಿರುತ್ತವೆ. ಅದು ಕೊಳೆಯಲ್ಲ, ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ. ಗಾಳಿ ಹಗುರವಾದ ಕಣಗಳನ್ನು ಒಯ್ದು, ಭಾರವಾದ ಇದನ್ನು ಉಳಿಸುತ್ತದೆ. ಮೊಬೈಲಿನ ಕವರಿನಲ್ಲೋ ಚೀಲದ ಗುಂಡಿಯಲ್ಲೋ ಆಯಸ್ಕಾಂತವಿದ್ದರೆ ಈ ಪುಡಿ ಮೀಸೆಯಂತೆ ಅಂಟಿಕೊಳ್ಳುತ್ತದೆ, ಜೋಕೆ.

ಲೆನ್ಸ್ ವಿಷಯ: ಅಗಲ ನೋಟದ ಲೆನ್ಸ್ ಒಯ್ದವರೆಲ್ಲ ದಿಬ್ಬಗಳನ್ನು ಗುಬ್ಬಚ್ಚಿ ಗಾತ್ರಕ್ಕೆ ಇಳಿಸಿ ತರುತ್ತಾರೆ. ಇಲ್ಲಿಯ ಸ್ಟಾರ್ ಡ್ಯೂನ್ ಎಂಬ ದಿಬ್ಬ ಬುಡದಿಂದ ತುದಿಗೆ ಸುಮಾರು 225 ಮೀಟರ್ ಇದೆ. ಆ ಎತ್ತರ ಕಾಣಬೇಕಾದರೆ ದೂರದ್ದನ್ನು ಹತ್ತಿರ ತೋರಿಸುವ 70ರಿಂದ 200 ಮಿಲಿಮೀಟರಿನ ಲೆನ್ಸ್ ಬೇಕು. ಏಣಿನ ಮೇಲೆ ನಡೆಯುವ ಒಬ್ಬ ಮನುಷ್ಯನನ್ನು ಚುಕ್ಕೆಯಾಗಿ ಚೌಕಟ್ಟಿನೊಳಗೆ ಬಿಡಿ, ಹಿಂದೆ ಬೆಟ್ಟ ತಾನಾಗಿಯೇ ಹತ್ತಿರ ಬರುತ್ತದೆ. ಬಣ್ಣವನ್ನು ತಾನೇ ಸರಿದೂಗಿಸುವ ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸನ್ನು ಮಾತ್ರ ನಂಬಬೇಡಿ. ಸಂಜೆಯ ಕೆಂಪನ್ನು ಅದು ದೋಷವೆಂದು ತಿಳಿದು ತಿದ್ದಿಬಿಡುತ್ತದೆ. ‘ಬಿಸಿಲು’ ಗುರುತಿಗೆ ಇಟ್ಟು ಮರೆತುಬಿಡಿ.

ಪ್ರಶ್ನೆ: ಕಳೆದ ವರ್ಷ ಹಳದಿ ಮರಗಳ ಚಿತ್ರ ತೆಗೆದೆ. ಎಲೆಗಳೆಲ್ಲ ಮಬ್ಬು, ಬಣ್ಣವೂ ಸಪ್ಪೆ. ಗಾಳಿಯೇನೂ ಜೋರಾಗಿರಲಿಲ್ಲ.

ಉತ್ತರ: ಆಸ್ಪೆನ್‌ಗೆ ಜೋರು ಗಾಳಿ ಬೇಕಿಲ್ಲ. ಬಿದ್ದ ಎಲೆಯೊಂದನ್ನು ಎತ್ತಿ ತೊಟ್ಟನ್ನು ಬೆರಳುಗಳ ನಡುವೆ ಹೊರಳಿಸಲು ನೋಡಿ. ಸಲೀಸಾಗಿ ಹೊರಳುವುದಿಲ್ಲ, ಏಕೆಂದರೆ ಅದು ಪಟ್ಟಿಯಂತೆ ಚಪ್ಪಟೆ. ಹಾಗಾಗಿಯೇ ನಿಮ್ಮ ಕೆನ್ನೆಗೆ ತಾಗದ ಗಾಳಿಗೂ ಎಲೆ ಅಲುಗಾಡುತ್ತದೆ. ಷಟರ್ ವೇಗವನ್ನು ಸೆಕೆಂಡಿನ 1/250ಕ್ಕಿಂತ ಕೆಳಗೆ ಇಳಿಸಬೇಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿದರೆ ಏರಲಿ. ಇಲ್ಲವೇ ಎದುರು ದಿಕ್ಕಿಗೆ ಹೋಗಿ: ಎರಡು ಸೆಕೆಂಡು ತೆರೆದಿಟ್ಟು, ಬಿಳಿ ಕಾಂಡಗಳು ನಿಶ್ಚಲ, ಎಲೆಗಳು ಹೊಗೆ. ನಡುವಿನ ವೇಗಗಳಲ್ಲಿ ಸಿಗುವುದು ನೀವು ಹೇಳಿದ ಮಬ್ಬು ಮಾತ್ರ.

ಸಪ್ಪೆ ಬಣ್ಣಕ್ಕೆ ಬೆಳಕಿನ ದಿಕ್ಕು ಕಾರಣವಿರಬೇಕು. ಬೆನ್ನ ಹಿಂದೆ ಸೂರ್ಯನಿದ್ದರೆ ಎಲೆಯ ಮೇಲ್ಮೈಯ ಹೊಳಪಷ್ಟೇ ಕಾಣುತ್ತದೆ. ಸೂರ್ಯನಿಗೆ ಎದುರಾಗಿ ನಿಲ್ಲಿ, ಬೆಳಕು ಎಲೆಯನ್ನು ಹಾಯ್ದು ಬರಲಿ. ಲೆನ್ಸ್ ಮೇಲೆ ನೇರ ಬಿಸಿಲು ಬೀಳದಂತೆ ಒಂದು ಕಾಂಡವನ್ನು ಅಡ್ಡ ಹಿಡಿಯಿರಿ. ಮೋಡ ಕವಿದು ಮಳೆ ಬಂದು ಹೋಗಿದ್ದರೆ ಲೆನ್ಸಿನ ಮುಂದೆ ಪೋಲರೈಸರ್ ಎಂಬ ಫಿಲ್ಟರ್ ಹಾಕಿ, ಒದ್ದೆ ಎಲೆಯ ಬಿಳಿ ಹೊಳಪನ್ನು ಅದು ತೆಗೆಯುತ್ತದೆ. ಅದೇ ಪೋಲರೈಸರನ್ನು ಅಗಲ ಲೆನ್ಸಿಗೆ ಹಾಕಿ ನೀಲಿ ಆಕಾಶ ತೆಗೆದರೆ ಒಂದು ಮೂಲೆ ಕಡುನೀಲಿ, ಇನ್ನೊಂದು ಮೂಲೆ ಬಿಳಚು.

ಇನ್ನೊಂದು: ಒಂದು ತೋಪು ಪೂರ್ತಿ ಹಳದಿ, ಪಕ್ಕದ್ದು ಹಸಿರು ಎಂದು ಬೇಸರಪಡಬೇಡಿ. ಎಷ್ಟೋ ತೋಪುಗಳಲ್ಲಿ ಮರಗಳೆಲ್ಲ ಒಂದೇ ಬೇರಿನ ಜಾಲದಿಂದ ಎದ್ದವು, ಒಟ್ಟಿಗೇ ಬಣ್ಣ ತಿರುಗುತ್ತವೆ. ರಿಡ್ಜ್‌ವೇ ಊರಿನ ಪಶ್ಚಿಮಕ್ಕಿರುವ ಡಲ್ಲಾಸ್ ಡಿವೈಡ್‌ನಲ್ಲಿ ನಿಂತರೆ ಸ್ನೆಫೆಲ್ಸ್ ಶಿಖರದ ಕೆಳಗೆ ಈ ತೇಪೆಗಳೇ ಚಿತ್ರದ ಜೀವ. ಪೂರ್ತಿ ಹಳದಿಯಾಗಲಿ ಎಂದು ಕಾದವರ ಮರಗಳನ್ನು ಒಂದು ರಾತ್ರಿಯ ಗಾಳಿ ಬೋಳು ಮಾಡಿದರೂ ಮಾಡೀತು.

ಪ್ರಶ್ನೆ: ಮರಳಿನಿಂದ ಕ್ಯಾಮೆರಾ ಕಾಪಾಡುವುದು ಹೇಗೆ?

ಉತ್ತರ: ದಿಬ್ಬದ ಮೇಲೆ ಲೆನ್ಸ್ ಬದಲಿಸಬೇಡಿ. ಕಾರಿನಲ್ಲಿಯೇ ಒಂದನ್ನು ಆರಿಸಿ, ಅದರೊಂದಿಗೇ ಬಾಳಿ. ಟ್ರೈಪಾಡಿನ ಕೊನೆಯ ತುಂಡನ್ನು ಮೊದಲು ಹೊರಗೆಳೆದು ನಿಲ್ಲಿಸಿದರೆ ಕೀಲುಗಳು ಮರಳಿಗೆ ತಾಗದೆ ಮೇಲೆ ಉಳಿಯುತ್ತವೆ. ಗಾಜಿನ ಮೇಲೆ ಕಣ ಕಂಡರೆ ರಬ್ಬರ್ ಬುಗ್ಗೆಯಿಂದ ಗಾಳಿ ಊದಿ. ಬಟ್ಟೆ ಹಾಕಿ ಒರೆಸಿದಿರೋ, ಗೀರು ಖಂಡಿತ.

ಪ್ರಶ್ನೆ: ಡ್ರೋನ್ ಒಯ್ಯಲೇ?

ಉತ್ತರ: ಬೇಡ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಹಾರಿಸುವಂತಿಲ್ಲ. ಆ ತೂಕಕ್ಕೆ ಇನ್ನೊಂದು ನೀರಿನ ಬಾಟಲಿ ಇಟ್ಟುಕೊಳ್ಳಿ.